ಹುಟ್ಟುಗುಣ ಎಂಬ ತೀರ್ಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬೇಲೂರು ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಎರಡನೆಯ ತರಗತಿಯ ಹುಡುಗನೊಬ್ಬ ಪಕ್ಕದಲ್ಲಿ ಕೂರುವ ಹುಡುಗಿಯ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ಕದ್ದು, ಶಾಲೆಯ ಹಿಂದೆ ಮಣ್ಣಿನಲ್ಲಿ ಹೂತಿಟ್ಟಿದ್ದ. ಹಿರಿಯ ಸಹೋದ್ಯೋಗಿಯೊಬ್ಬರು ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದುಬಿಟ್ಟರು. ಇನ್ನೊಬ್ಬರು, ಮಕ್ಕಳು ದೇವರ ಸಮಾನ, ಅವರನ್ನು ಕೆಡಿಸುವವರು ನಾವೇ ಎಂದರು. ಹಸುಗೂಸುಗಳೂ ಒಳ್ಳೆಯವರನ್ನೇ ಆರಿಸುತ್ತವೆಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ ಎಂದೂ ಹೇಳಿದರು. ಯಾರ ಮಾತು ಸರಿ?
– ಒಬ್ಬ ಶಿಕ್ಷಕಿ, ಬೇಲೂರು ತಾಲ್ಲೂಕು

ಉತ್ತರ: ನಿಮ್ಮ ಶಾಲೆಯಲ್ಲಿ ನಡೆದ ಈ ವಾದ ಚೀನಾದಲ್ಲಿ ಕ್ರಿಸ್ತಪೂರ್ವ ನಾಲ್ಕು ಮತ್ತು ಮೂರನೆಯ ಶತಮಾನಗಳಲ್ಲೇ ನಡೆದಿತ್ತು. ಕನ್‌ಫ್ಯೂಷಿಯಸ್‌ನ ಪರಂಪರೆಗೆ ಸೇರಿದ ಮೆನ್ಷಿಯಸ್, ಮನುಷ್ಯನ ಸ್ವಭಾವ ಒಳ್ಳೆಯದು ಎಂದ. ಮಗುವೊಂದು ಬಾವಿಗೆ ಬೀಳುವುದರಲ್ಲಿದೆ ಎಂದು ಕಂಡ ಕ್ಷಣ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ. ಆ ಮಗುವಿನ ತಂದೆತಾಯಿಯ ಸ್ನೇಹ ಸಿಗಲೆಂದಾಗಲಿ, ಊರವರು ಹೊಗಳಲೆಂದಾಗಲಿ ಹಾಗೆ ಆಗುವುದಿಲ್ಲ ಎಂಬುದು ಅವನ ವಾದದ ತಿರುಳು. ಅದೇ ಪರಂಪರೆಯಲ್ಲಿ ಅವನ ನಂತರ ಬಂದ ಷುನ್‌ಝಿ ಇದಕ್ಕೆ ತೀರಾ ವಿರುದ್ಧವಾಗಿ, ಸ್ವಭಾವ ಕೆಟ್ಟದ್ದೇ, ಒಳ್ಳೆಯತನವೆಲ್ಲ ಪ್ರಯತ್ನದಿಂದ ಬಂದದ್ದು ಎಂದು ವಾದಿಸಿದ. ಯೂರೋಪಿನ ತತ್ವಜ್ಞಾನಿಗಳಾದ ಹಾಬ್ಸ್ 1651ರಲ್ಲಿ, ರೂಸೋ 1755ರಲ್ಲಿ ಹೆಚ್ಚುಕಡಿಮೆ ಇದೇ ಜಗಳವನ್ನು ಬೇರೆ ಮಾತುಗಳಲ್ಲಿ ಮುಂದುವರಿಸಿದರು. ನನ್ನ ಮನಸ್ಸಿಗೆ ನಾಟುವ ಸಂಗತಿಯೆಂದರೆ, ಚೀನಾದ ಆ ಇಬ್ಬರೂ ಕೊನೆಗೆ ತಲುಪಿದ್ದು ಒಂದೇ ಕಡೆಗೆ: ದಾರಿಯಲ್ಲಿ ಹೋಗುವ ಯಾವ ಸಾಮಾನ್ಯ ಮನುಷ್ಯನೂ ಕಲಿಕೆಯಿಂದ ಮಹಾಪುರುಷನಾಗಬಲ್ಲ ಎಂದು ಇಬ್ಬರೂ ನಂಬಿದ್ದರು. ಸ್ವಭಾವವನ್ನು ಕೆಟ್ಟದ್ದೆಂದು ಕರೆದ ಷುನ್‌ಝಿ ಕೂಡ ‘ಸುಟ್ಟರೂ ಹೋಗದು’ ಎಂದು ಕೈಚೆಲ್ಲಲಿಲ್ಲ. ಕೆಟ್ಟದ್ದಾಗಿರುವುದರಿಂದಲೇ ಗುರು ಬೇಕು ಎಂದ. ನಿಮ್ಮ ಹಿರಿಯ ಸಹೋದ್ಯೋಗಿಯ ಮಾತಿಗೆ ಅವನ ಬೆಂಬಲವೂ ಸಿಗುವುದಿಲ್ಲ.

ಇನ್ನು ಹಸುಗೂಸುಗಳ ವಿಷಯ. 2007ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಆರು ಮತ್ತು ಹತ್ತು ತಿಂಗಳ ಶಿಶುಗಳ ಮುಂದೆ ಒಂದು ಪುಟ್ಟ ಆಟ ತೋರಿಸಿದರು. ಕಣ್ಣು ಅಂಟಿಸಿದ ಮರದ ತುಂಡೊಂದು ದಿಬ್ಬ ಹತ್ತಲು ಹೆಣಗುತ್ತದೆ, ಇನ್ನೊಂದು ಅದನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ ನೆರವಾಗುತ್ತದೆ, ಮತ್ತೊಂದು ಮೇಲಿನಿಂದ ಕೆಳಕ್ಕೆ ತಳ್ಳಿ ಅಡ್ಡಿಮಾಡುತ್ತದೆ. ಬಳಿಕ ಎರಡನ್ನೂ ಮುಂದೆ ಹಿಡಿದಾಗ ಬಹುಪಾಲು ಶಿಶುಗಳು ನೆರವಾದ ತುಂಡಿನತ್ತಲೇ ಕೈಚಾಚಿದವು. ಈ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂತು. ಆದರೆ ಹಲವು ದೇಶಗಳ ಹತ್ತಾರು ಪ್ರಯೋಗಾಲಯಗಳು ಕೂಡಿ ಇದೇ ಪ್ರಯೋಗವನ್ನು ದೊಡ್ಡ ಪ್ರಮಾಣದಲ್ಲಿ ಮತ್ತೆ ಮಾಡಿ 2024ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಆ ಒಲವು ಕಾಣಲಿಲ್ಲ. ಶಿಶುಗಳು ಎರಡನ್ನೂ ಹೆಚ್ಚುಕಡಿಮೆ ಸಮಸಮನಾಗಿ ಆರಿಸಿದವು. ಆದ್ದರಿಂದ ‘ಸಾಬೀತಾಗಿದೆ’ ಎಂಬ ಮಾತನ್ನು ಹಿಂದಕ್ಕೆ ಪಡೆಯುವುದೇ ಪ್ರಾಮಾಣಿಕತೆ.

ಸ್ವಲ್ಪ ದೊಡ್ಡ ಮಕ್ಕಳ ವಿಷಯದಲ್ಲಿ ಆಧಾರ ಗಟ್ಟಿಯಾಗಿದೆ. ಕೈತುಂಬ ಸಾಮಾನು ಹೊತ್ತ ದೊಡ್ಡವರು ಮುಚ್ಚಿದ ಕಪಾಟಿನ ಮುಂದೆ ತಡವರಿಸುತ್ತಿದ್ದರೆ, ಹದಿನೆಂಟು ತಿಂಗಳ ಮಗು ಯಾರೂ ಹೇಳದೆ ಹೋಗಿ ಬಾಗಿಲು ತೆಗೆಯುತ್ತದೆ ಎಂದು ಮನೋವಿಜ್ಞಾನಿಗಳಾದ ವಾರ್ನೆಕನ್ ಮತ್ತು ಟೊಮಸೆಲ್ಲೊ 2006ರಲ್ಲಿ ತೋರಿಸಿಕೊಟ್ಟರು. ಇದರ ಪಕ್ಕದಲ್ಲೇ ಇನ್ನೊಂದು ಸತ್ಯವನ್ನೂ ಇಡಬೇಕು. ಕೆನಡಾದ ರಿಚರ್ಡ್ ಟ್ರೆಂಬ್ಲೆ ಮತ್ತು ಸಂಗಡಿಗರು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಂಡುಕೊಂಡಂತೆ, ಮನುಷ್ಯನು ಜೀವನದಲ್ಲಿ ಅತಿ ಹೆಚ್ಚು ಬಾರಿ ಹೊಡೆಯುವುದು, ಕಚ್ಚುವುದು, ತಳ್ಳುವುದು ಹದಿಹರೆಯದಲ್ಲಲ್ಲ; ಎರಡರಿಂದ ನಾಲ್ಕು ವರ್ಷದ ನಡುವೆ. ಅಂದರೆ ಹೊಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ, ಹೊಡೆಯದಿರುವುದನ್ನು ಕಲಿಸಬೇಕು. ಹೆಚ್ಚಿನ ಮಕ್ಕಳು ಅದನ್ನು ಶಾಲೆಗೆ ಸೇರುವ ಹೊತ್ತಿಗೆ ಬಹುಮಟ್ಟಿಗೆ ಕಲಿತೂ ಇರುತ್ತಾರೆ.

ಹಾಸನದ ಹೊರವಲಯದ ಅಂಗನವಾಡಿಯೊಂದರಲ್ಲಿ ಈ ಎರಡನ್ನೂ ನಾನು ಒಂದೇ ಮಗುವಿನಲ್ಲಿ ನೋಡಿದ್ದೇನೆ. ಎರಡೂವರೆ ವರ್ಷದ ಹುಡುಗನೊಬ್ಬ ಮರದ ಲಾರಿಯೊಂದಕ್ಕಾಗಿ ಪಕ್ಕದ ಹುಡುಗಿಯ ಮುಂಗೈ ಕಚ್ಚಿದ, ಹಲ್ಲಿನ ಗುರುತು ಅರ್ಧಚಂದ್ರದಂತೆ ಕೆಂಪಗೆ ಮೂಡಿತು. ಕಾರ್ಯಕರ್ತೆ ಅವನನ್ನು ಬೈಯದೆ, ಆ ಕೈಯನ್ನು ಅವನ ಕಣ್ಣೆದುರು ಹಿಡಿದು, ‘ನೋಡು, ನೋವಾಗಿದೆ’ ಎಂದಷ್ಟೇ ಹೇಳಿ ತಣ್ಣೀರು ಹಚ್ಚಿದರು. ಆಮೇಲೆ ಶೇಂಗಾ ಚಿಕ್ಕಿ ಹಂಚಿದಾಗ, ಆ ಹುಡುಗಿ ಇನ್ನೂ ಬಿಕ್ಕುತ್ತಿದ್ದುದನ್ನು ನೋಡಿ, ಅವನು ತಾನು ಆಗಲೇ ಚೀಪಿದ್ದ ಚಿಕ್ಕಿಯನ್ನು ಬಾಯಿಂದ ತೆಗೆದು ಅವಳ ತುಟಿಗೆ ಒತ್ತಿದ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಕಚ್ಚಿದವನು ನಿಜವಾದ ಹುಡುಗನೋ, ಚಿಕ್ಕಿ ಕೊಟ್ಟವನು ನಿಜವಾದ ಹುಡುಗನೋ ಎಂದು ಕೇಳಿದರೆ ಅದಕ್ಕೆ ಉತ್ತರವಿರಲು ಸಾಧ್ಯವಿಲ್ಲ.

ಮೆನ್ಷಿಯಸ್ ಒಂದು ಗುಡ್ಡದ ಮಾತು ಹೇಳುತ್ತಾನೆ: ಪಟ್ಟಣದ ಪಕ್ಕದ ಗುಡ್ಡದಲ್ಲಿ ಮರ ಕಡಿದು, ದನ ಮೇಯಿಸಿ ಬೋಳಾಗಿಸಿದ ಮೇಲೆ, ನೋಡಿದವರು ಅಲ್ಲಿ ಎಂದೂ ಮರವೇ ಇರಲಿಲ್ಲವೆಂದು ತಿಳಿಯುತ್ತಾರೆ, ಹಾಗೆಯೇ ಕೆಟ್ಟವನನ್ನು ಕಂಡು ಅವನಲ್ಲಿ ಒಳ್ಳೆಯದೇ ಇರಲಿಲ್ಲ ಎನ್ನುತ್ತಾರೆ. ಮಾತು ಸುಂದರವಾಗಿದೆ. ಆದರೆ ನಮ್ಮ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳನ್ನು ಹತ್ತಿದವರಿಗೆ ಇದು ಪೂರ್ತಿ ಒಪ್ಪುವುದಿಲ್ಲ. ಅಲ್ಲಿನ ಹುಲ್ಲುಗಾವಲು ಯಾರೋ ಮರ ಕಡಿದದ್ದರಿಂದಷ್ಟೇ ಆದದ್ದಲ್ಲ, ಅದು ಆ ಬೆಟ್ಟಗಳ ಸಹಜ ಹೊದಿಕೆ. ನೀರು ಮಣ್ಣು ನಿಲ್ಲುವ ಕಣಿವೆಯ ಮಡಿಕೆಗಳಲ್ಲಿರುವ ಶೋಲಾ ಕಾಡೂ ಅಷ್ಟೇ ಸಹಜ. ಒಂದೇ ಬೆಟ್ಟದ ಮೇಲೆ ಎರಡೂ ಹುಟ್ಟಿವೆ, ಯಾವುದು ಎಲ್ಲಿಯವರೆಗೆ ಹಬ್ಬುತ್ತದೆ ಎಂಬುದನ್ನು ಗಾಳಿ, ತೇವ, ಮಣ್ಣಿನ ಆಳ, ಬೆಂಕಿ ತೀರ್ಮಾನಿಸುತ್ತವೆ. ಮನುಷ್ಯನ ಸ್ವಭಾವವನ್ನೂ ನಾನು ಹೀಗೆಯೇ ತಿಳಿಯುತ್ತೇನೆ: ಕರುಣೆಗೂ ಕ್ರೌರ್ಯಕ್ಕೂ ಬೇಕಾದ ಶಕ್ತಿ ಹುಟ್ಟಿನಿಂದಲೇ ಬರುತ್ತದೆ, ಒಳ್ಳೆಯವನು ಕೆಟ್ಟವನು ಎಂಬ ತೀರ್ಪು ಹುಟ್ಟಿನಿಂದ ಬರುವುದಿಲ್ಲ.

ನಿಮ್ಮ ಹುಡುಗನ ವಿಷಯಕ್ಕೆ ಬಂದರೆ, ಅವನು ಪೆನ್ಸಿಲ್‌ಗಳನ್ನು ಮನೆಗೆ ಒಯ್ಯದೆ ಹೂತಿಟ್ಟ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಬಣ್ಣ ಬೇಕಿದ್ದವನು ಬಣ್ಣ ಹಚ್ಚುತ್ತಾನೆ. ಹೂತಿಟ್ಟವನಿಗೆ ಬೇರೇನೋ ನೋವಿರಬಹುದು. ಏಕೆಂದು ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿ. ಡಬ್ಬಿಯನ್ನು ಅವನೇ ತೆಗೆದು, ಒರೆಸಿ, ಅವಳ ಕೈಗೆ ಕೊಡಲಿ. ತರಗತಿಯ ಮುಂದೆ ಅವನನ್ನು ಕಳ್ಳ ಎಂದು ಯಾರೂ ಕರೆಯದಂತೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಕಣದಲ್ಲಿ ಒಣಗಲು ಹರಡಿದ್ದ ಕಾಳುಮೆಣಸು ಕಳುವಾಯಿತು. ಸಿಕ್ಕಿಬಿದ್ದ ಯುವಕನ ತಂದೆಯೂ ಹಿಂದೆ ಕಳ್ಳತನದಲ್ಲಿ ಸಿಕ್ಕವನು. ‘ರಕ್ತದಲ್ಲೇ ಬಂದಿದೆ’ ಎನ್ನುತ್ತಾರೆ ಎಲ್ಲರೂ. ಇದರಲ್ಲಿ ಸತ್ಯವಿದೆಯೇ?
– ಒಬ್ಬ ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಕಷ್ಟಪಟ್ಟು ಬೆಳೆದ ಫಸಲನ್ನು ಕಳೆದುಕೊಂಡ ನಿಮ್ಮ ಸಿಟ್ಟು ನ್ಯಾಯವಾದದ್ದು, ಕದ್ದವನು ಕಾನೂನಿಗೆ ಉತ್ತರಿಸಲೇಬೇಕು. ಆದರೆ ರಕ್ತದ ಮಾತನ್ನು ಬಹಳ ಎಚ್ಚರದಿಂದ ಆಡಬೇಕು. ಅವಳಿಜವಳಿಗಳನ್ನು ಹೋಲಿಸಿ ನಡೆಸಿದ ಅಧ್ಯಯನಗಳ ಪ್ರಕಾರ, ಸಮಾಜವಿರೋಧಿ ನಡವಳಿಕೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟಕ್ಕೆ ಅನುವಂಶೀಯತೆ ಕಾರಣ. ಇದು ಒಂದು ದೊಡ್ಡ ಗುಂಪಿನೊಳಗಿನ ವ್ಯತ್ಯಾಸದ ಲೆಕ್ಕ. ಒಬ್ಬ ಯುವಕನ ಕಳ್ಳತನದಲ್ಲಿ ಅರ್ಧ ಅವನ ತಂದೆಯದು ಎಂದು ಇದರ ಅರ್ಥವಲ್ಲ. ಮುಂಗೋಪ, ದುಡುಕು, ಭಯದ ಕೊರತೆಯಂಥ ಒಲವುಗಳು ಹರಿದು ಬರಬಹುದು, ಕಾಳುಮೆಣಸು ಕದಿಯುವ ಗುಣವೆಂಬುದು ಹರಿದು ಬರುವುದಿಲ್ಲ. ಅಲ್ಲದೆ ಆ ತಂದೆ ಮಗನಿಗೆ ಕೊಟ್ಟದ್ದು ರಕ್ತವನ್ನು ಮಾತ್ರವಲ್ಲ. ಬಡತನವನ್ನು, ಹೆಸರಿಗೆ ಅಂಟಿದ ಕಳಂಕವನ್ನು, ಯಾರೂ ನಂಬಿ ಕೆಲಸಕ್ಕೆ ಕರೆಯದ ಸ್ಥಿತಿಯನ್ನೂ ಕೊಟ್ಟಿರುತ್ತಾನೆ.

ಈ ‘ರಕ್ತ’ದ ನಂಬಿಕೆ ಕಾನೂನಾದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಅನುಭವಿಸಿದೆ. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ, ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿತು. ದಕ್ಷಿಣದಲ್ಲಿ ಆ ಪಟ್ಟಿಗೆ ಸೇರಿದ ಕೊರವರು ಒಂದು ಕಾಲಕ್ಕೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದವರು; ಸರ್ಕಾರದ ಉಪ್ಪಿನ ನೀತಿ ಮತ್ತು ರೈಲು ಅವರ ವ್ಯಾಪಾರವನ್ನು ನುಂಗಿದವು, ಬಳಿಕ ಅವರ ಅಲೆದಾಟವೇ ಅಪರಾಧದ ಗುರುತಾಯಿತು. ಹುಟ್ಟಾ ಅಪರಾಧಿಯನ್ನು ಮುಖಚಹರೆಯಿಂದಲೇ ಗುರುತಿಸಬಹುದೆಂದು ಇಟಲಿಯ ಲೊಂಬ್ರೊಸೊ 1876ರಲ್ಲಿ ಮಂಡಿಸಿದ ಸಿದ್ಧಾಂತವನ್ನು ವಿಜ್ಞಾನ ಬಹಳ ಹಿಂದೆಯೇ ತಳ್ಳಿಹಾಕಿದೆ. ಸ್ವತಂತ್ರ ಭಾರತ 1952ರಲ್ಲಿ ಆ ಸಮುದಾಯಗಳನ್ನು ಪಟ್ಟಿಯಿಂದ ಬಿಡಿಸಿತು, ಆದರೂ ಊರಿನಲ್ಲಿ ಕಳವಾದಾಗ ಮೊದಲ ಅನುಮಾನ ಇಂದಿಗೂ ಅವರ ಮೇಲೆಯೇ ಬೀಳುವುದನ್ನು ಕಂಡಾಗ ನನಗೆ ನಾಚಿಕೆಯಾಗುತ್ತದೆ, ಸಂಕಟವಾಗುತ್ತದೆ.

ಆ ಯುವಕನಿಗೆ ತಮ್ಮ ತಂಗಿಯರಿದ್ದರೆ, ಅವರನ್ನು ನಿಮ್ಮ ಊರು ಹೇಗೆ ನೋಡುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. 1989ರ ನಂತರ ರುಮೇನಿಯಾದ ಅನಾಥಾಲಯಗಳ ಮಕ್ಕಳನ್ನು ಇಂಗ್ಲೆಂಡಿನ ಕುಟುಂಬಗಳು ದತ್ತು ಪಡೆದಾಗ, ಆರು ತಿಂಗಳು ತುಂಬುವ ಮೊದಲೇ ಬಂದ ಮಕ್ಕಳು ಬಹುತೇಕ ಇತರ ಮಕ್ಕಳಂತೆಯೇ ಬೆಳೆದರು. ಹೆಚ್ಚು ಕಾಲ ಅಲ್ಲಿ ಕಳೆದವರಲ್ಲಿ ಹಲವರಿಗೆ ತೊಂದರೆಗಳು ಉಳಿದುಕೊಂಡವು. ಹುಟ್ಟಿದ್ದು ಒಂದೇ ದೇಶದಲ್ಲಿ, ಬೇರೆಯಾದದ್ದು ಸಿಕ್ಕ ಮಡಿಲು ಮತ್ತು ಅದು ಸಿಕ್ಕ ಕಾಲ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲೇ ಶ್ರವಣಬೆಳಗೊಳವಿದೆ. ಈ ವಿಷಯದಲ್ಲಿ ಜೈನಧರ್ಮದ ನಿಲುವೇನು?
– ಒಬ್ಬ ಪದವಿ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಜೀವದ ಸಹಜ ಸ್ವರೂಪ ಶುದ್ಧವಾದದ್ದು, ಅನಂತ ಜ್ಞಾನ ಮತ್ತು ಅನಂತ ಸುಖ ಅದರ ಗುಣಗಳು, ಆದರೆ ಅನಾದಿಯಿಂದ ಅಂಟಿದ ಕರ್ಮ ಅದನ್ನು ಮುಚ್ಚಿದೆ ಎನ್ನುತ್ತದೆ ಜೈನದರ್ಶನ. ಕ್ರೋಧ, ಮಾನ (ಅಹಂಕಾರ), ಮಾಯೆ (ಕಪಟ), ಲೋಭಗಳೆಂಬ ನಾಲ್ಕು ಕಷಾಯಗಳು, ಅಂದರೆ ಮನಸ್ಸಿನ ಕಲ್ಮಷಗಳು, ಆ ಕರ್ಮ ಬಿಗಿಯಾಗಿ ಅಂಟುವಂತೆ ಮಾಡುತ್ತವೆ. ಹೀಗೆ ಹುಟ್ಟುವ ಯಾವ ಜೀವವೂ ಬರಿಯ ಶುದ್ಧವಾಗಿ ಹುಟ್ಟುವುದಿಲ್ಲ, ಶುದ್ಧಿಯ ಅರ್ಹತೆಯನ್ನು ಕಳೆದುಕೊಂಡೂ ಹುಟ್ಟುವುದಿಲ್ಲ. ವಿಂಧ್ಯಗಿರಿಯ ಮೇಲೆ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ನಿಲ್ಲಿಸಿದ ಗೊಮ್ಮಟನ ಕಥೆಯನ್ನು ಈ ದೃಷ್ಟಿಯಿಂದ ಓದಬೇಕು. ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಮೇಲೆತ್ತಿದ ಬಾಹುಬಲಿ ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ತೊರೆದ. ಅಷ್ಟಾದರೂ, ತಾನು ನಿಂತಿರುವುದು ಭರತನ ನೆಲದಲ್ಲಿ ಎಂಬ ಮುಳ್ಳು ಮನಸ್ಸಿನಲ್ಲಿ ಉಳಿದಿದ್ದರಿಂದ, ಮೈಗೆ ಬಳ್ಳಿ ಹಬ್ಬುವಷ್ಟು ಕಾಲ ನಿಂತರೂ ಅವನಿಗೆ ಕೇವಲಜ್ಞಾನ, ಅಂದರೆ ಎಲ್ಲವನ್ನೂ ತಿಳಿಯುವ ಪೂರ್ಣ ಜ್ಞಾನ, ದೊರೆಯಲಿಲ್ಲ. ಭರತನೇ ಬಂದು ಪೂಜಿಸಿದಾಗ ದೊರೆಯಿತು ಎನ್ನುತ್ತದೆ ಕಥೆ. ಅಷ್ಟು ದೊಡ್ಡ ತ್ಯಾಗಿಗೂ ಇನ್ನೊಬ್ಬರ ಒಂದು ನಡೆ ಬೇಕಾಯಿತು ಎಂಬುದನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ಪ್ರಶ್ನೆ: ಎರಡು ವರ್ಷದ ಮಗಳು ಮನೆಗೆಲಸದಲ್ಲಿ ತಾನಾಗಿಯೇ ಕೈಜೋಡಿಸುತ್ತಾಳೆ. ಈ ಒಳ್ಳೆಯ ಗುಣ ಉಳಿಯಲೆಂದು ಪ್ರತಿ ಬಾರಿ ಚಾಕೊಲೇಟ್ ಕೊಡುತ್ತಿದ್ದೇನೆ. ಸರಿಯೇ?
– ಒಬ್ಬ ತಾಯಿ, ಹಾಸನ

ಉತ್ತರ: ದಯವಿಟ್ಟು ನಿಲ್ಲಿಸಿ. ಮೇಲೆ ಹೇಳಿದ ವಾರ್ನೆಕನ್ ಮತ್ತು ಟೊಮಸೆಲ್ಲೊ 2008ರಲ್ಲಿ ಇಪ್ಪತ್ತು ತಿಂಗಳ ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದರು. ನೆರವಾದಾಗಲೆಲ್ಲ ಬಹುಮಾನ ಪಡೆದ ಮಕ್ಕಳು, ಬಹುಮಾನ ನಿಂತ ಮೇಲೆ, ಏನನ್ನೂ ಪಡೆಯದಿದ್ದ ಮಕ್ಕಳಿಗಿಂತ ಕಡಿಮೆ ನೆರವಾದರು. ನಿಮ್ಮ ಮಗಳಿಗೆ ಬೇಕಾಗಿರುವುದು ನಿಮ್ಮ ಜೊತೆ ಕೆಲಸ ಮಾಡುವ ಸಂತೋಷ. ಅವರೆಕಾಯಿ ಸುಲಿಯುವಾಗ ಅವಳ ಮುಂದೆಯೂ ಒಂದು ಹಿಡಿ ಕಾಯಿ ಹಾಕಿ, ಕಾಳು ನೆಲದ ಮೇಲೆ ಚೆಲ್ಲಿದರೆ ಚೆಲ್ಲಲಿ. ಅವಳು ಸುಲಿದ ನಾಲ್ಕು ಕಾಳನ್ನೂ ಅದೇ ಸಾರಿಗೆ ಹಾಕಿ.