ಕ್ಯಾಮೆರಾ ಎತ್ತಿದ ಕೂಡಲೇ ಬಿಗಿಯಾಗುವವರನ್ನು ಸಡಿಲಗೊಳಿಸುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಹಾಸನದಲ್ಲಿ ಹೊಸದಾಗಿ ಸ್ಟುಡಿಯೋ ತೆರೆದಿದ್ದೀರಿ. ಮದುವೆಗೆ ತೋರಿಸುವ ಫೋಟೊ, ಕೆಲಸದ ಪ್ರೊಫೈಲ್ ಫೋಟೊ, ಹಿರಿಯರ ಫೋಟೊ ತೆಗೆಯುತ್ತೀರಿ. ಬಂದವರು ಬಾಗಿಲಲ್ಲಿ ಚೆನ್ನಾಗಿ ನಗುನಗುತ್ತಾ ಮಾತಾಡುತ್ತಾರೆ, ನೀವು ಕ್ಯಾಮೆರಾ ಎತ್ತಿದ್ದೇ ಭುಜ ಮೇಲೇರಿ, ತುಟಿ ಬಿಗಿದು, ಬೇರೆ ಯಾರೋ ಆಗಿಬಿಡುತ್ತಾರೆ. "ಆರಾಮಾಗಿರಿ", "ನ್ಯಾಚುರಲ್ಲಾಗಿ ನಗಿ" ಅಂದಷ್ಟೂ ಇನ್ನಷ್ಟು ಕೆಡುತ್ತದೆ ಅಂತ ಬರೆದಿದ್ದೀರಿ. ನಾನು ಶಿವಮೊಗ್ಗದಲ್ಲಿ ಇದೇ ಕೆಲಸ ಮಾಡಿಕೊಂಡು ಬದುಕುವವನು. ನನಗೆ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ.

ಮೊದಲು ಆ ಎರಡು ಮಾತನ್ನು ಬಿಟ್ಟುಬಿಡಿ. "ಆರಾಮಾಗಿರಿ" ಅಂದಾಗ ಎದುರಿಗಿರುವವರ ಕಿವಿಗೆ ಬೀಳುವುದು "ನೀವು ಸರಿಯಾಗಿ ಕಾಣ್ತಿಲ್ಲ" ಅಂತ. "ನಗಿ" ಅಂದರೆ ತುಟಿ ಮಾತ್ರ ನಗುತ್ತದೆ. ಫ್ರಾನ್ಸಿನ ದುಶೆನ್ ಅನ್ನುವ ವೈದ್ಯರು ಮುಖದ ಒಂದೊಂದೇ ಸ್ನಾಯುವಿಗೆ ವಿದ್ಯುತ್ ತಾಗಿಸಿ, ಅದರ ಫೋಟೊಗಳೊಂದಿಗೆ 1862ರಲ್ಲಿ ಪ್ರಕಟಿಸಿದ ಕೆಲಸದಲ್ಲೇ ಇದರ ಕಾರಣ ಇದೆ. ತುಟಿಯಂಚನ್ನು ಮೇಲೆಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ, ಕಣ್ಣಿನ ಸುತ್ತಲಿನದು ಸುಲಭಕ್ಕೆ ಕೇಳುವುದಿಲ್ಲ, ಅದಕ್ಕೆ ಒಳಗಿನಿಂದ ಖುಷಿ ಬರಬೇಕು. ಕೇಳಿದ ಕೂಡಲೇ ಕೊಡಲಾಗದ್ದನ್ನು ಕೇಳಿ ಅವರನ್ನು ಕಷ್ಟಕ್ಕೆ ಸಿಕ್ಕಿಸುವವರು ನಾವೇ.

ಧೈರ್ಯವನ್ನು ಗ್ರಾಹಕರೇ ಮನೆಯಿಂದ ತರಬೇಕು ಅಂತ ನಮ್ಮ ಕಸುಬಿನಲ್ಲಿ ಬಹಳ ಮಂದಿ ನಂಬಿದ್ದಾರೆ. "ಆ ಹುಡುಗಿ ಫೋಟೊಜೆನಿಕ್ ಅಲ್ಲ" ಅಂತ ಹೇಳಿ ಕೈತೊಳೆದುಕೊಳ್ಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಲೈಟ್ ಹಾಕುವುದು ಎಷ್ಟು ನಮ್ಮ ಹೊಣೆಯೋ, ಎದುರಿಗಿರುವವರು ನೆಮ್ಮದಿಯಿಂದ ನಿಲ್ಲುವಂತೆ ನೋಡಿಕೊಳ್ಳುವುದೂ ಅಷ್ಟೇ ನಮ್ಮ ಹೊಣೆ. ಅದಕ್ಕೆ ಅವರ ಹೆದರಿಕೆ ಎಲ್ಲಿಂದ ಬಂತು ಅಂತ ತಿಳಿದಿರಬೇಕು.

ಹೆಚ್ಚಿನವರ ಹೆದರಿಕೆಗೆ ಹಳೆಯ ಫೋಟೊಗಳೇ ಕಾರಣ. ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ ತೆಗೆದ ಗುರುತಿನ ಚೀಟಿಯ ಫೋಟೊ, ಮದುವೆಮನೆಯಲ್ಲಿ ಊಟ ಮಾಡುವಾಗ ಮುಖಕ್ಕೇ ಹೊಡೆದ ಫ್ಲ್ಯಾಶ್, ಕೈಯಳತೆಯಲ್ಲಿ ಹಿಡಿದ ಮೊಬೈಲಿನ ಸೆಲ್ಫಿ. ಅಷ್ಟು ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುವುದು ದೂರದ ಲೆಕ್ಕ, ಮುಖದ ತಪ್ಪಲ್ಲ. ಇದು ಅವರಿಗೆ ಗೊತ್ತಿರುವುದಿಲ್ಲ, "ನನ್ನ ಮೂಗೇ ಹೀಗೆ" ಅಂದುಕೊಂಡು ಬಂದಿರುತ್ತಾರೆ. ಬಾಯಿಬಿಟ್ಟು ಹೇಳಿ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಇದ್ದರೆ 85 ಎಂಎಂ, ಚಿಕ್ಕದಾದ ಕ್ರಾಪ್ ಸೆನ್ಸರ್ ಇದ್ದರೆ 50 ಎಂಎಂ ಲೆನ್ಸ್ ಹಾಕಿ, ಹತ್ತಿರ ಹತ್ತಿರ 2 ಮೀಟರ್ ದೂರದಲ್ಲಿ ನಿಂತು ಒಂದು ಫ್ರೇಮ್ ತೆಗೆದು ತೋರಿಸಿ. ಆ ದೂರದಲ್ಲಿ ಮುಖವೂ ಸರಿಯಾಗಿ ಬರುತ್ತದೆ, ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆ, ಯಾರೋ ಮೈಮೇಲೆ ಬಂದಂತೆಯೂ ಅನಿಸುವುದಿಲ್ಲ.

ಇನ್ನೊಂದು ಕಾರಣ ಕನ್ನಡಿ. ದಿನವೂ ಕನ್ನಡಿಯಲ್ಲಿ ನೋಡಿದ ಮುಖವೇ ನಮಗೆ ನಮ್ಮ ಮುಖ. ಬಲಮೂಗಿನ ಬೊಟ್ಟು ಕನ್ನಡಿಯಲ್ಲಿ ಬಲಕ್ಕೇ ಕಾಣುತ್ತದೆ, ಫೋಟೊದಲ್ಲಿ ಎಡಕ್ಕೆ ಹೋಗುತ್ತದೆ. ಬೈತಲೆ, ಸೆರಗು, ಒಂದು ಹುಬ್ಬು ಸ್ವಲ್ಪ ಎತ್ತರ ಇರುವುದು, ಎಲ್ಲವೂ ಅದಲುಬದಲು. 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು, ಮೀಟಾ, ಡರ್ಮರ್ ಮತ್ತು ನೈಟ್, ಇದನ್ನೇ ಪರೀಕ್ಷಿಸಿ ನೋಡಿದರು. ಹೆಣ್ಣುಮಕ್ಕಳಿಗೆ ತಮ್ಮದೇ ಫೋಟೊದ ನೇರ ಪ್ರತಿ ಮತ್ತು ಕನ್ನಡಿಯಂತೆ ತಿರುಗಿಸಿದ ಪ್ರತಿ ಎರಡನ್ನೂ ತೋರಿಸಿದಾಗ ಹೆಚ್ಚಿನವರು ತಿರುಗಿಸಿದ್ದನ್ನೇ ಇಷ್ಟಪಟ್ಟರು, ಅವರ ಸ್ನೇಹಿತೆಯರು ನೇರವಾಗಿದ್ದನ್ನು ಆರಿಸಿದರು. "ಯಾಕೋ ನನ್ನ ಹಾಗೆ ಕಾಣ್ತಿಲ್ಲ" ಅಂತ ಯಾರಾದರೂ ಅಂದರೆ ನಾನು ಲ್ಯಾಪ್‌ಟಾಪಿನಲ್ಲಿ ಆ ಫೋಟೊವನ್ನು ಕನ್ನಡಿಯಂತೆ ಎಡಬಲ ತಿರುಗಿಸಿ ತೋರಿಸುತ್ತೇನೆ. "ಹ್ಞಾಂ, ಇದು ನಾನು" ಅನ್ನುತ್ತಾರೆ. ಆಮೇಲೆ ನೇರವಾಗಿರುವುದನ್ನು ಜೊತೆಗೆ ಬಂದವರಿಗೆ ತೋರಿಸಿ, ಅವರು ಯಾವುದನ್ನು ಆರಿಸುತ್ತಾರೆ ನೋಡಿ ಅನ್ನುತ್ತೇನೆ. ಜಗತ್ತು ನೋಡುವ ಮುಖ ಬೇರೆ, ಅದೂ ಚೆನ್ನಾಗಿದೆ ಅನ್ನುವುದು ಆಗ ಅವರಿಗೇ ತಿಳಿಯುತ್ತದೆ.

ಮೈಬಣ್ಣದ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. "ಸ್ವಲ್ಪ ಬೆಳ್ಳಗೆ ಮಾಡಿ ಸಾರ್" ಅನ್ನುವ ಮಾತು ನಿಮ್ಮ ಸ್ಟುಡಿಯೋದಲ್ಲೂ ಕೇಳಿರುತ್ತೀರಿ. ಅದನ್ನು ಕೇಳಿದಾಗ ನನಗೆ ಈಗಲೂ ಸಂಕಟವಾಗುತ್ತದೆ. ಚಿಕ್ಕಂದಿನಿಂದ ಯಾರು ಯಾರೋ ಆಡಿದ ಮಾತು ಅದರ ಹಿಂದೆ ಇರುತ್ತದೆ, ನಮ್ಮ ಕಸುಬೂ ಅದಕ್ಕೆ ತನ್ನದೊಂದು ಪಾಲು ಸೇರಿಸಿದೆ. ಕೊಡಾಕ್ ಕಂಪನಿ ಕಲರ್ ಪ್ರಿಂಟ್ ಸರಿಹೊಂದಿಸಲು ಲ್ಯಾಬುಗಳಿಗೆ ಕೊಡುತ್ತಿದ್ದ ಶರ್ಲಿ ಕಾರ್ಡುಗಳಲ್ಲಿ ದಶಕಗಳ ಕಾಲ ಬಿಳಿಯ ಹೆಂಗಸಿನ ಮುಖವೇ ಇತ್ತು, ಬೇರೆ ಬೇರೆ ಮೈಬಣ್ಣದವರು ಒಟ್ಟಿಗಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಇವತ್ತಿನ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಕೂಡ ಎದುರಿಗಿರುವುದನ್ನೆಲ್ಲ ಮಧ್ಯಮ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಬಿಳಿ ಪರದೆ ಫ್ರೇಮಿನ ತುಂಬ ಇದ್ದರೆ ಅದು ಬೆಳಕು ಇಳಿಸುತ್ತದೆ, ಕಪ್ಪು ಮುಖ ಮಸಿಯಾಗುತ್ತದೆ. ಅವರು ನೋಡಿಕೊಂಡು ನೊಂದುಕೊಂಡದ್ದು ಆ ತಪ್ಪು ಎಕ್ಸ್‌ಪೋಷರನ್ನು. ಮುಖಕ್ಕೆ ಮೀಟರ್ ಮಾಡಿ, ಇಲ್ಲವೇ ಇಡೀ ಫ್ರೇಮಿಗೆ ಮೀಟರ್ ಮಾಡುವುದಾದರೆ ಬಿಳಿ ಪರದೆಗೆ ಸುಮಾರು ಒಂದು ಸ್ಟಾಪ್, ಅಂದರೆ ಎರಡರಷ್ಟು ಬೆಳಕು, ಏರಿಸಿ, ಬೆಳಕನ್ನು ಮೆದುವಾಗಿಸುವ ದೊಡ್ಡ ಸಾಫ್ಟ್‌ಬಾಕ್ಸನ್ನು ಹತ್ತಿರ ತಂದು ಪಕ್ಕದಿಂದ ಹಾಕಿ. ಕೆನ್ನೆಯ ಮೇಲೆ ಮೆದುವಾದ ಹೊಳಪು ಬರಲಿ. ಅದನ್ನು ತೋರಿಸಿದ ಮೇಲೆ ಬೆಳ್ಳಗೆ ಮಾಡಿ ಅನ್ನುವವರು ನನ್ನಲ್ಲಿ ಬಹಳ ಕಡಿಮೆ.

ಇನ್ನು ಜೊತೆಗೆ ಬರುವವರು. ನಮ್ಮ ಕಡೆ ಹುಡುಗಿಯ ಫೋಟೊ ತೆಗೆಸುವುದಕ್ಕೆ ಹುಡುಗಿ ಒಬ್ಬಳೇ ಬರುವುದಿಲ್ಲ. ಅಮ್ಮ, ಚಿಕ್ಕಮ್ಮ, ತಮ್ಮ, ಕೆಲವೊಮ್ಮೆ ಪಕ್ಕದ ಮನೆಯ ಆಂಟಿ. ಎಲ್ಲರೂ ನಿಮ್ಮ ಬೆನ್ನ ಹಿಂದೆ ಸಾಲಾಗಿ ನಿಂತು "ಯಾಕೆ ಮುಖ ಹಾಗ್ ಮಾಡ್ಕೊಂಡಿದೀಯ", "ಹಲ್ಲು ಕಾಣಿಸ್ಬೇಡ", "ನೆಟ್ಟಗ್ ನಿಂತ್ಕೊ" ಅನ್ನುತ್ತಿದ್ದರೆ ಯಾವ ಲೆನ್ಸೂ ಸಹಾಯಕ್ಕೆ ಬರುವುದಿಲ್ಲ. ಹೊರಗೆ ಹೋಗಿ ಅಂದರೆ ಅವರಿಗೆ ಬೇಜಾರು, ಹೆಣ್ಣುಮಕ್ಕಳು ಒಬ್ಬರೇ ಒಳಗಿರುವುದೂ ಅನೇಕರಿಗೆ ಮುಜುಗರ. ನಾನು ಒಬ್ಬರನ್ನು ಒಳಗೆ ಉಳಿಸಿಕೊಳ್ಳುತ್ತೇನೆ, ಯಾರು ಇರಬೇಕು ಅಂತ ಆ ಹುಡುಗಿಯನ್ನೇ ಕೇಳುತ್ತೇನೆ. ಉಳಿದವರಿಗೆ ಹೊರಗೆ ಕಾಫಿ, ಆಲ್ಬಂ. ಒಳಗಿದ್ದವರ ಕೈಗೆ ಬೆಳಕು ತಿರುಗಿಸುವ ರಿಫ್ಲೆಕ್ಟರ್ ಕೊಟ್ಟರೆ ಸಲಹೆ ತಾನಾಗಿ ನಿಲ್ಲುತ್ತದೆ. ಸೆರಗು ಸರಿಮಾಡುವುದು, ಕೂದಲು ಹಿಂದೆ ಹಾಕುವುದು ಅವರ ಕೆಲಸ. ನೀವು ಗ್ರಾಹಕರ ಮೈ ಮುಟ್ಟಬೇಡಿ, ಗಲ್ಲ ಎತ್ತುವುದಕ್ಕೂ ಬೇಡ. ಹೇಗೆ ನಿಲ್ಲಬೇಕೋ ಹಾಗೆ ನೀವೇ ನಿಂತು ತೋರಿಸಿ, ಅವರು ಎದುರಿನಿಂದ ಅನುಕರಿಸಲಿ.

ಹಿರಿಯರ ಸಂಗತಿ ಬೇರೆಯೇ. ಮಕ್ಕಳು ಕರೆದುಕೊಂಡು ಬರುತ್ತಾರೆ, ಅಜ್ಜನಿಗೆ ಮನಸ್ಸೇ ಇರುವುದಿಲ್ಲ. ಫೋಟೊ ತೆಗೆಸಿಕೊಂಡರೆ ಆಯುಷ್ಯ ಕಮ್ಮಿಯಾಗುತ್ತದೆ ಅಂತ ಕೇಳಿ ಬೆಳೆದವರು ಇನ್ನೂ ಇದ್ದಾರೆ. "ಹಾರ ಹಾಕೋಕೆ ತೆಗೆಸ್ತಿದೀರಾ?" ಅಂತ ನೇರವಾಗಿ ಕೇಳಿದವರೂ ಇದ್ದಾರೆ. ಆ ಮಾತನ್ನು ನಕ್ಕು ಹಾರಿಸಬೇಡಿ. ಒಬ್ಬರನ್ನೇ ಪರದೆಯ ಮುಂದೆ ಕೂರಿಸುವ ಬದಲು ಮೊದಲು ಮೊಮ್ಮಗುವಿನ ಜೊತೆ, ಅಜ್ಜಿಯ ಜೊತೆ ತೆಗೆಯಿರಿ, "ಅಜ್ಜ, ಇದು ಮೊಮ್ಮಗಳ ಕೋಣೆಗೆ" ಅಂತ ಯಾವ ಗೋಡೆಗೆ ಹೋಗುತ್ತದೆ ಅನ್ನುವುದನ್ನೂ ಹೇಳಿ. ಬೆನ್ನು ಸ್ವಲ್ಪ ಬಾಗಿದೆ ಅಂತ ನೆಟ್ಟಗೆ ಕೂರಿಸಲು ಹೋಗಬೇಡಿ, ಕೈಯಿರುವ ಮರದ ಕುರ್ಚಿ ಕೊಡಿ, ಊರುಗೋಲು ತರಲಿ, ಶಲ್ಯ ಅವರು ಹಾಕಿಕೊಳ್ಳುವ ರೀತಿಯಲ್ಲೇ ಇರಲಿ. ನಗಲೇಬೇಕು ಅಂತಿಲ್ಲ. ಗಂಭೀರವಾದ ಮುಖ ಅವರದೇ ಆಗಿದ್ದರೆ ಅದೇ ಒಳ್ಳೆಯ ಫೋಟೊ.

ಎಲ್ಲರಿಗೂ ಅನ್ವಯಿಸುವ ದೊಡ್ಡ ವಿಷಯ ಮಾತು. ಕ್ಯಾಮೆರಾ ಹಿಂದೆ ಮುಖ ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ, ಸ್ಕ್ರೀನ್ ನೋಡಿ "ಹ್ಮ್" ಅಂದು ಸುಮ್ಮನಾದರೆ ಎದುರಿಗಿರುವವರು ಆ ಮೌನಕ್ಕೆ ತಮ್ಮದೇ ಅರ್ಥ ಕಟ್ಟಿಕೊಳ್ಳುತ್ತಾರೆ. ನೀವು ಯೋಚಿಸುತ್ತಿದ್ದದ್ದು ಶಟರ್ ಸ್ಪೀಡ್ ಬಗ್ಗೆ, ಅವರಿಗೆ ಅನಿಸಿದ್ದು ತಮ್ಮ ಮುಖದ ಬಗ್ಗೆ. ಅದಕ್ಕೇ ಲೈಟ್, ಎಕ್ಸ್‌ಪೋಷರ್ ಎಲ್ಲವನ್ನೂ ಅವರು ಬರುವ ಮೊದಲೇ ನಿಮ್ಮ ಹುಡುಗನನ್ನೋ ತಮ್ಮನನ್ನೋ ಕೂರಿಸಿ ಮುಗಿಸಿಡಿ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ರಿಮೋಟ್ ಕೈಯಲ್ಲಿ ಹಿಡಿದು, ಪಕ್ಕದಲ್ಲಿ ನಿಂತು ಮಾತಾಡಿ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಕಣ್ಣಿಗೆ ತಾವೇ ಫೋಕಸ್ ಹಿಡಿಯುತ್ತವೆ, ನೀವು ಅವರ ಕಣ್ಣನ್ನು ನೋಡಬಹುದು. ನನ್ನ ಮಟ್ಟಿಗೆ ಆ ಕ್ಯಾಮೆರಾಗಳಿಂದ ಆದ ಅತಿ ದೊಡ್ಡ ಉಪಕಾರ ಇದು.

ಏನು ಮಾತಾಡುವುದು? ಅವರಿಗೆ ಚೆನ್ನಾಗಿ ಗೊತ್ತಿರುವ ಕೆಲಸದ ಬಗ್ಗೆ. ಮೇಷ್ಟ್ರಿಗೆ ತುಂಬ ತಂಟೆ ಮಾಡಿದ ಹುಡುಗನ ಬಗ್ಗೆ ಕೇಳಿ. ಅಡಿಕೆ ತೋಟದವರಿಗೆ ಕೊನೆ (ಅಡಿಕೆ ಗೊಂಚಲು) ಇಳಿಸುವ ಕೆಲಸ ಹೇಗೆ ಅಂತ ಕೇಳಿ, ಕೈಸಮೇತ ವಿವರಿಸುತ್ತಾರೆ. ನರ್ಸ್ ಒಬ್ಬರಿಗೆ ಅಳುವ ಮಗುವಿಗೆ ಇಂಜೆಕ್ಷನ್ ಹೇಗೆ ಕೊಡ್ತೀರಿ ಅಂತ ಕೇಳಿ. ತಾನು ಬಲ್ಲ ಕೆಲಸ ಹೇಳುವಾಗ ಮನುಷ್ಯರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಕಣ್ಣು ತೆರೆಯುತ್ತದೆ. ಮಾತಿನ ನಡುವೆ ತೆಗೆದರೆ ಬಾಯಿ ಸೊಟ್ಟಗೆ ಬರುತ್ತದೆ, ವಾಕ್ಯ ಮುಗಿದು ತುಟಿ ಕೂಡಿದ ಕ್ಷಣಕ್ಕೆ ಒತ್ತಿ. ಇನ್ನೊಂದು: ಮೊದಲ ಕ್ಲಿಕ್ ಕೇಳಿಸಿದ ಕೂಡಲೇ ಜನ "ಅಬ್ಬ, ಮುಗೀತು" ಅಂತ ಉಸಿರು ಬಿಡುತ್ತಾರೆ. ಎರಡನೆಯದನ್ನು ಅಲ್ಲಿ ತೆಗೆಯಿರಿ. ಅದಕ್ಕೇ ನಾನು ಶಟರಿನ ಶಬ್ದವನ್ನು ಬಂದ್ ಮಾಡುವುದಿಲ್ಲ.

ಕಾರ್ಶ್ ಎಂಬ ಫೋಟೊಗ್ರಾಫರ್ 1941ರ ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಬಾಯಿಂದ ಸಿಗಾರ್ ಕಿತ್ತುಕೊಂಡು ಆ ಸಿಟ್ಟಿನ ಮುಖ ಸೆರೆಹಿಡಿದ ಕಥೆಯನ್ನು ವರ್ಕ್‌ಶಾಪುಗಳಲ್ಲಿ ಹೇಳುತ್ತಾರೆ. ಅದನ್ನು ಕೇಳಿ ಗ್ರಾಹಕರನ್ನು ಬೆಚ್ಚಿಬೀಳಿಸಲು, ಕೆಣಕಲು ಹೋಗಬೇಡಿ. ಯುದ್ಧ ನಡೆಸುತ್ತಿದ್ದ ಪ್ರಧಾನಿಗೆ ಅದು ನಡೆಯಿತು, ಹಿಂಜರಿದು ಬಂದವರಿಗೆ ನಡೆಯುವುದಿಲ್ಲ. ಹುಡುಗರಿಗಾದರೆ ಫೋಟೊಗ್ರಾಫರ್ ಫಿಲಿಪ್ ಹಾಲ್ಸ್‌ಮನ್ 1950ರ ದಶಕದಲ್ಲಿ ಮಾಡಿದ್ದು ಒಳ್ಳೆಯದು. ಆಗ ಅಮೆರಿಕದ ಉಪಾಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ ಅಂಥವರನ್ನೂ ಅವರು ನೆಗೆಯಲು ಹೇಳಿ ಫೋಟೊ ತೆಗೆದರು. ನೆಗೆಯುವಾಗ ಮುಖದ ಕಡೆ ಗಮನ ಕೊಡಲು ಆಗುವುದೇ ಇಲ್ಲ.

ಮೈಗೆ ಹೇಳುವ ಸೂಚನೆಗಳು ಚಿಕ್ಕದಾಗಿರಲಿ, ಒಂದು ಸಲಕ್ಕೆ ಒಂದೇ ಇರಲಿ. ತೂಕ ಹಿಂದಿನ ಕಾಲಿಗೆ. ಭುಜ ಸ್ವಲ್ಪ ಪಕ್ಕಕ್ಕೆ. ಕುರ್ಚಿಯಾದರೆ ತುದಿಗೆ ಬಂದು ಕೂತರೆ ಬೆನ್ನು ಕುಸಿಯುವುದಿಲ್ಲ. "ಗಲ್ಲ ಇಳಿಸಿ" ಅಂದರೆ ಕುತ್ತಿಗೆ ಒಳಗೆ ಹೋಗಿ ಗಲ್ಲದ ಕೆಳಗೆ ಮಡಿಕೆ ಬೀಳುತ್ತದೆ, "ಹಣೆಯನ್ನು ನನ್ನ ಕಡೆ ಒಂಚೂರು ತನ್ನಿ" ಅಂದರೆ ಸರಿಯಾಗುತ್ತದೆ. ಕೈಗೆ ಕೆಲಸ ಕೊಡಿ: ಸೆರಗಿನ ಅಂಚು, ವಾಚು, ಕನ್ನಡಕ, ಕುರ್ಚಿಯ ಬೆನ್ನು. ಕಣ್ಣು ಮಿಟುಕಿಸುವವರಿಗೆ ಕಣ್ಣು ಮುಚ್ಚಲು ಹೇಳಿ, ಮೂರು ಎಣಿಸಿ, ಉಸಿರು ಬಿಡುತ್ತಾ ತೆರೆಯಲು ಹೇಳಿ. ಕನ್ನಡಕದ ಹೊಳಪಿಗೆ ಲೈಟನ್ನು ಮೇಲೇರಿಸಿದರೆ ಸಾಕು, ಕನ್ನಡಕ ತೆಗೆಸಬೇಡಿ, ದಿನವೂ ಹಾಕುವವರು ಅದಿಲ್ಲದೆ ತಮ್ಮನ್ನೇ ಗುರುತಿಸಿಕೊಳ್ಳುವುದಿಲ್ಲ.

ಬುಕಿಂಗ್ ಆದಾಗಲೇ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿಡಿ: ನಿಮ್ಮದೇ ಫೋಟೊಗಳಲ್ಲಿ ನಿಮಗೆ ಇಷ್ಟವಾದದ್ದು ಯಾವುದು, ವಾಟ್ಸಾಪಿನಲ್ಲಿ ಕಳಿಸ್ತೀರಾ? ಯಾವ ಕಡೆಯ ಮುಖ, ಎಂಥ ನಗು, ಹಲ್ಲು ಮುಚ್ಚಿಕೊಳ್ಳುತ್ತಾರಾ, ಎಲ್ಲವೂ ಅದರಲ್ಲೇ ಸಿಗುತ್ತದೆ. ಹೊಸ ಬಟ್ಟೆಯಾದರೆ ಮನೆಯಲ್ಲಿ ಒಮ್ಮೆ ಹಾಕಿ ನೋಡಿರಲಿ, ಬಿಗಿಯಾದ ಬ್ಲೌಸಿನಲ್ಲಿ ಯಾರಿಗೂ ಸಲೀಸಾಗಿ ಉಸಿರಾಡಲು ಆಗುವುದಿಲ್ಲ. ಒಪ್ಪಿಗೆಯಿಲ್ಲದೆ ನಿಮ್ಮ ಫೋಟೊವನ್ನು ಇನ್‌ಸ್ಟಾಗ್ರಾಂಗೆ ಹಾಕುವುದಿಲ್ಲ ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳಿ. ಎಷ್ಟೋ ಹೆಣ್ಣುಮಕ್ಕಳ ಭುಜ ಆ ಒಂದು ಮಾತಿಗೆ ಇಳಿದದ್ದನ್ನು ಕಂಡಿದ್ದೇನೆ.

ಕೊನೆಗೆ ತಿದ್ದುವ ಕೆಲಸ. ಮೊಡವೆ, ರಾತ್ರಿ ನಿದ್ದೆಗೆಟ್ಟ ಕಣ್ಣಿನ ಕಪ್ಪು ಇವು ವಾರದಲ್ಲಿ ಹೋಗುವಂಥವು, ತೆಗೆಯಬಹುದು. ಮಚ್ಚೆ, ಗಾಯದ ಗುರುತು, ಕೆನ್ನೆಯ ಗುಳಿ ಅವರದು, ಕೇಳದೆ ಮುಟ್ಟಬೇಡಿ. ಮದುವೆಗೆ ತೋರಿಸುವ ಫೋಟೊದಲ್ಲಂತೂ ಇದು ಮುಖ್ಯ. ಫೋಟೊ ನೋಡಿದವರು ಮನೆಗೆ ಬರುತ್ತಾರೆ, ಆ ಹುಡುಗಿ ಅವರ ಎದುರು ಬಂದು ಕೂರಬೇಕು. ನೀವು ಬದಲಾಯಿಸಿದ ಮುಖಕ್ಕೂ ಅವಳ ಮುಖಕ್ಕೂ ಇರುವ ಅಂತರವನ್ನು ಅಳೆಯುವ ನೋಟವನ್ನು ಸಹಿಸಬೇಕಾದವಳು ಅವಳು.

ನಿಮ್ಮ ಸ್ಟುಡಿಯೋದ ಉದ್ದಗಲ, ಇರುವ ಲೈಟುಗಳು ಯಾವುವು ಅಂತ ಬರೆದರೆ ಅವುಗಳನ್ನು ಎಲ್ಲಿಡಬಹುದು ಅಂತ ಹೇಳುತ್ತೇನೆ.