ಮಿನಿಕಾಯ್‌ಗೆ ವರ್ಗವಾದ ತಿಪಟೂರಿನ ಓದುಗರಿಗೆ

ಓದುಗರ ಪತ್ರ: ನಾನು ತಿಪಟೂರಿನವಳು, ಬ್ಯಾಂಕ್ ಉದ್ಯೋಗಿ. ಲಕ್ಷದ್ವೀಪದ ಮಿನಿಕಾಯ್‌ಗೆ ವರ್ಗ ಆಗಿದೆ. ಏಪ್ರಿಲ್ ಕೊನೆಗೆ ಒಬ್ಬಳೇ ಹೋಗಿ ಸೇರಬೇಕು. ಅಲ್ಲಿ ಯಾರೂ ಗೊತ್ತಿಲ್ಲ, ಭಾಷೆ ಬರುವುದಿಲ್ಲ, ಮೀನು ತಿನ್ನುವುದಿಲ್ಲ. ಮನೆಯಲ್ಲಿ ಅಮ್ಮ ಒಬ್ಬರೇ, ಅವರಿಗೆ ಶುಗರ್ ಇದೆ. ಏನೇನು ತಯಾರಿ ಮಾಡಿಕೊಳ್ಳಲಿ? ಒಂಟಿತನ ಕಾಡುತ್ತದೆಯೇ? ಫೋನ್ ಸರಿಯಾಗಿ ಸಿಗುತ್ತದೆಯೇ? ನಾನೂ ಅಮ್ಮನೂ ಓದುವ ನಿಮ್ಮ ಪತ್ರಿಕೆ ಅಲ್ಲಿಗೆ ಬರುತ್ತದೆಯೇ?
(ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಪತ್ರದ ಜೊತೆ ಸಾಮಾನಿನ ಪಟ್ಟಿಯೂ ಬಂದಿದೆ. ಟಾರ್ಚು, ಸೊಳ್ಳೆ ಪರದೆ, ಎರಡು ಕೊಡೆ, ಇಂಡಕ್ಷನ್ ಒಲೆ... ಎರಡು ಪುಟ ತುಂಬಿದೆ. ಅಮ್ಮನ ಬಗ್ಗೆ ಮಾತ್ರ ಒಂದೇ ಸಾಲು. ಆ ಸಾಲಿನಿಂದಲೇ ಶುರು ಮಾಡುತ್ತೇನೆ, ಬೇಜಾರಾಗಬೇಡಿ.

ಮಿನಿಕಾಯ್ ಕೊಚ್ಚಿಯಿಂದ ಸುಮಾರು 400 ಕಿ.ಮೀ. ದೂರ. ಅಲ್ಲಿ ವಿಮಾನ ನಿಲ್ದಾಣ ಇಲ್ಲ. ಲಕ್ಷದ್ವೀಪದ ವಿಮಾನ ಇಳಿಯುವುದು ಅಗತ್ತಿಯಲ್ಲಿ, ಅದು ಬೇರೆ ದ್ವೀಪ. ನಿಮಗೆ ಹಡಗೇ ಗತಿ. ಕೊಚ್ಚಿಯಲ್ಲಿ ಹತ್ತಿದರೆ ಒಂದು ರಾತ್ರಿಯಂತೂ ಕಡಲ ಮೇಲೆ ಕಳೆಯಬೇಕು. ಬೇರೆ ದ್ವೀಪ ಮುಟ್ಟಿಕೊಂಡು ಹೋಗುವ ಹಡಗಾದರೆ ಇನ್ನೂ ಜಾಸ್ತಿ ಹೊತ್ತು. ಇನ್ನು ತಿಂಗಳ ಲೆಕ್ಕ ನೋಡಿ. ನೀವು ಸೇರುವುದು ಏಪ್ರಿಲ್ ಕೊನೆಗೆ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲದ ಕಡಲು, ಹಡಗಿನ ಓಡಾಟ ಕಡಿಮೆ. ಹೊರಡುವ ದಿನ ಹವಾಮಾನ ನೋಡಿಕೊಂಡು ಮುಂದೆ ಹೋಗುವುದೂ ಉಂಟು. ಅಂದರೆ ಜುಲೈನಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂತ ರಾತ್ರಿ ಫೋನ್ ಬಂದರೆ, ಬೆಳಿಗ್ಗೆ ಹೊರಟು ಬಿಡುತ್ತೇನೆ ಅನ್ನಲು ಆಗುವುದಿಲ್ಲ. ಹೆದರಿಸುತ್ತಿಲ್ಲ. ಹೊರಡುವ ಮೊದಲೇ ಇದನ್ನು ನೀವೂ ಅಮ್ಮನೂ ಎದುರುಬದುರು ಕೂತು ಮಾತಾಡಿಕೊಳ್ಳಬೇಕು.

ರಾತ್ರಿ ಎರಡು ಗಂಟೆಗೆ ಕರೆದರೆ ಬಾಗಿಲಿಗೆ ಬರುವವರು ಯಾರು? ಚಿಕ್ಕಪ್ಪನೋ, ಪಕ್ಕದ ಮನೆಯವರೋ, ಯಾರಾದರೂ ಒಬ್ಬರು ಬಾಯಿ ಬಿಟ್ಟು "ನಾನಿದ್ದೀನಿ" ಅಂದಿರಬೇಕು. ಹೇಗೋ ನೋಡ್ಕೋತಾರೆ ಬಿಡಿ ಅನ್ನುವುದು ಸಾಲದು. ಅವರ ಹತ್ತಿರ ಮನೆಯ ಇನ್ನೊಂದು ಕೀಲಿ, ಅಮ್ಮನ ಔಷಧಿ ಚೀಟಿಯ ಪ್ರತಿ, ವಿಮೆ ಕಾರ್ಡಿನ ಪ್ರತಿ ಇರಲಿ. ಆಸ್ಪತ್ರೆ ಖರ್ಚಿಗೆ ಅಂತ ಒಂದಿಷ್ಟು ಹಣವನ್ನು ಅಮ್ಮ ಮತ್ತು ಆ ಒಬ್ಬರು ಇಬ್ಬರೂ ತೆಗೆಯಬಹುದಾದ ಖಾತೆಯಲ್ಲಿಡಿ. ಬ್ಯಾಂಕಿನವರಿಗೆ ನಾನು ಇದನ್ನು ಹೇಳಿಕೊಡಬೇಕೇ?

ಅಮ್ಮನನ್ನೇ ಕರೆಸಿಕೊಳ್ಳುತ್ತೇನೆ ಅಂದುಕೊಂಡಿದ್ದರೆ, ಅದೂ ಸುಮ್ನೆ ಟಿಕೆಟ್ ತೆಗೆದು ಬರುವ ಊರಲ್ಲ. ಹೊರಗಿನವರು ಲಕ್ಷದ್ವೀಪಕ್ಕೆ ಹೋಗಲು ಪ್ರವೇಶ ಪರವಾನಗಿ ಬೇಕು, 1967ರಿಂದ ಇರುವ ನಿಯಮ. ನಿಮ್ಮ ಕಾಗದಪತ್ರ ಮಾಡಿಸುವಾಗಲೇ ಅಮ್ಮನ ವಿಷಯವನ್ನೂ ಕಚೇರಿಯಲ್ಲಿ ಕೇಳಿಡಿ. ಬರುವುದಾದರೆ ಅಕ್ಟೋಬರ್ ಮೇಲೆ ಬರಲಿ. ದೊಡ್ಡ ಹಡಗು ಲಗೂನಿನ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರು) ಒಳಗೆ ಬರಲಾಗದೆ ಹೊರಗೇ ನಿಂತರೆ, ಹಡಗಿನ ಪಕ್ಕದ ಬಾಗಿಲಿನಿಂದ ದೋಣಿಗೆ ಇಳಿಯಬೇಕು. ದೋಣಿ ಅಲೆಯ ಜೊತೆ ಮೇಲೆ ಬಂದು ಮತ್ತೆ ಕೆಳಗೆ ಹೋಗುತ್ತಿರುತ್ತದೆ. ಅದು ಮೇಲೆ ಬಂದ ಗಳಿಗೆಯಲ್ಲೇ ಕಾಲಿಡಬೇಕು. ದೋಣಿಯವರು ಎರಡೂ ರಟ್ಟೆ ಹಿಡಿದು ಇಳಿಸಿಕೊಳ್ಳುತ್ತಾರೆ. ಅದಕ್ಕೇ ಕೈಯಲ್ಲಿ ಏನೂ ಇರಬಾರದು. ಬೆನ್ನಿಗೆ ಹಾಕುವ ಚೀಲ ಒಳ್ಳೆಯದು. ನಿಮ್ಮ ಪಟ್ಟಿಯಲ್ಲಿರುವ ದೊಡ್ಡ ಚಕ್ರದ ಸೂಟ್‌ಕೇಸನ್ನು ಈಗಲೇ ಹೊಡೆದು ಹಾಕಿ. ವಾಂತಿಯ ಮಾತ್ರೆ ಡಾಕ್ಟರನ್ನು ಕೇಳಿ ತಂದಿಟ್ಟುಕೊಳ್ಳಿ. ಅದನ್ನು ಹಡಗು ಹೊರಡುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಪ್ರಯೋಜನ ಕಡಿಮೆ.

ಊಟದ ಚಿಂತೆ ನಿಮಗೆ ಜಾಸ್ತಿ ಇದ್ದ ಹಾಗಿದೆ. ಮಿನಿಕಾಯ್ ಅಂದರೆ ಸೂರೆ ಮೀನು, ಅಂದರೆ ಟ್ಯೂನಾ. ಬಲೆ ಬೀಸಿ ಹಿಡಿಯುವುದಲ್ಲ. ಜೀವಂತ ಸಣ್ಣ ಮೀನು ಎಸೆದು, ನೀರು ಚಿಮುಕಿಸಿ, ಮೇಲೆ ಬಂದ ಸೂರೆಯನ್ನು ಒಂದೊಂದೇ ಗಾಳದ ಕೋಲಿಗೆ ಎತ್ತುತ್ತಾರೆ. ಬೇಯಿಸಿ, ಹೊಗೆ ಹಾಕಿ, ಒಣಗಿಸಿದ್ದಕ್ಕೆ 'ಮಾಸ್' ಅನ್ನುತ್ತಾರೆ. ಆ ವಾಸನೆ ನಿಮಗೆ ಒಗ್ಗಲು ಸ್ವಲ್ಪ ದಿನ ಹಿಡಿಯಬಹುದು. ತರಕಾರಿ ಬಹುಪಾಲು ಹಡಗಿನಲ್ಲೇ ಬರಬೇಕು. ಹಡಗು ತಡವಾದರೆ ಸೊಪ್ಪು, ಟೊಮೆಟೊ ಮೊದಲು ಖಾಲಿ. ಹಾಗಾಗಿ ಬೇಳೆ, ಹೆಸರುಕಾಳು, ಹುರುಳಿ, ಅವಲಕ್ಕಿ, ಸಾರಿನ ಪುಡಿ ಮಳೆಗಾಲಕ್ಕೆ ಸಾಕಾಗುವಷ್ಟು ಒಯ್ಯಿರಿ. ಎಲ್ಲವೂ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ, ಉಪ್ಪು ಗಾಳಿ ಏನನ್ನೂ ಬಿಡುವುದಿಲ್ಲ. ಕೊಬ್ಬರಿ ಕಟ್ಟಿಕೊಂಡು ಹೋಗುತ್ತೇನೆ ಅಂತ ಬರೆದಿದ್ದೀರಿ. ತಿಪಟೂರಿನವರ ಅಭಿಮಾನ ನನಗೆ ಅರ್ಥವಾಗುತ್ತದೆ, ಆದರೆ ಅಲ್ಲಿ ಎತ್ತ ನೋಡಿದರೂ ತೆಂಗಿನ ಮರ. ಭಾರ ಹೊರಬೇಡಿ.

ಇನ್ನು ನಿಮ್ಮ ದೊಡ್ಡ ಭಯ, ಒಂಟಿತನ. ಐದು ಚದರ ಕಿ.ಮೀ. ಕೂಡ ಇಲ್ಲದ ನೆಲ, 2011ರ ಜನಗಣತಿಯಲ್ಲಿ 10,447 ಜನ. ನೀವು ಇಳಿದ ಸಂಜೆಗೇ ಬ್ಯಾಂಕಿಗೆ ಹೊಸಬರು ಬಂದರು ಅಂತ ಎಲ್ಲರಿಗೂ ತಿಳಿದಿರುತ್ತದೆ. ಯಾರೂ ಇಲ್ಲ ಅನ್ನುವುದಕ್ಕಿಂತ ಎಲ್ಲರೂ ನೋಡುತ್ತಾರೆ ಅನ್ನುವುದೇ ಮೊದಮೊದಲು ಕಷ್ಟ ಆಗಬಹುದು. ಆದರೆ ಒಂಟಿ ಹೆಣ್ಣುಮಗಳಿಗೆ ಈ ಊರಲ್ಲಿ ಒಂದು ಅನುಕೂಲ ಇದೆ. ಮಿನಿಕಾಯ್ ಗಂಡಸರು ತಲೆಮಾರುಗಳಿಂದ ಹಡಗಿನ ಕೆಲಸಕ್ಕೆ ಹೋಗುವವರು. ಮನೆ, ಹಳ್ಳಿ ನಡೆಸಿಕೊಂಡು ಬಂದವರು ಹೆಂಗಸರು. ಹಳ್ಳಿಗೊಬ್ಬ ಹಿರಿಯ 'ಬೊಡುಕಾಕ' ಇರುವಂತೆ ಹೆಂಗಸರಿಗೂ ಒಬ್ಬ ಹಿರಿಯಾಕೆ ಇರುತ್ತಾರೆ. ಸೇರಿದ ವಾರದಲ್ಲೇ ನಿಮ್ಮ ಹಳ್ಳಿಯ ಆ ಹಿರಿಯಾಕೆಯನ್ನು ಕಂಡು ಮಾತಾಡಿಸಿ ಬನ್ನಿ. ಮನೆಯ ಮಾಲೀಕರ ಕೈಲಿ ಹೇಳಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಅವರ ಮಾತು ಮಹಲ್, ಮಾಲ್ಡೀವ್ಸ್‌ನ ದಿವೇಹಿ ಭಾಷೆಯ ಬಳಗದ್ದು. ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದು ನಿಧಾನವಾಗಿ ಬರಲಿ, ಹೊರಡುವ ಮೊದಲು ವ್ಯವಹಾರದ ಮಲಯಾಳಂ ಕಲಿಯಿರಿ. ಊರು ಹೆಚ್ಚುಕಡಿಮೆ ಪೂರ್ತಿ ಮುಸ್ಲಿಮರದು. ಮೈ ಮುಚ್ಚುವ ಹತ್ತಿ ಬಟ್ಟೆ ಸಾಕು. ರಂಜಾನ್ ತಿಂಗಳಲ್ಲಿ ಹಗಲು ಹೊರಗೆ ಕೂತು ತಿನ್ನದಿದ್ದರೆ ಆಯಿತು. ಅಂದಹಾಗೆ, ಲಕ್ಷದ್ವೀಪದಲ್ಲಿ ಬೀದಿನಾಯಿಗಳಿಲ್ಲ. ಸಂಜೆ 1885ರ ದೀಪಸ್ತಂಭದವರೆಗೆ ಕೋಲು ಹಿಡಿಯದೆ ನಡೆದು ಬರಬಹುದು.

ಫೋನಿನ ಬಗ್ಗೆ ಕೇಳಿದ್ದೀರಿ. ಮೊದಲೆಲ್ಲ ಉಪಗ್ರಹದ್ದೇ ಸಂಪರ್ಕ. ಕೊಚ್ಚಿಯಿಂದ ಸಮುದ್ರದಡಿ ಎಳೆದ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಅಮ್ಮನಿಗೆ ವೀಡಿಯೊ ಕಾಲ್ ತೆಗೆಯುವುದನ್ನು ಈಗಲೇ ಕಲಿಸಿ. ದಿನಾ ಒಂದೇ ಹೊತ್ತಿಗೆ ಮಾಡುತ್ತೇನೆ ಅಂತ ಮಾತ್ರ ಮಾತು ಕೊಡಬೇಡಿ. ಒಂದು ದಿನ ಸಿಗ್ನಲ್ ಹೋದರೆ ಅವರು ರಾತ್ರಿಯಿಡೀ ನಿದ್ದೆಗೆಡುತ್ತಾರೆ, ಅಲ್ವಾ?

ನೀವೇನೂ ಕನ್ನಡದವರು ಕಾಣದ ಕಡಲಿಗೆ ಹೋಗುತ್ತಿಲ್ಲ. ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಅಕ್ಕಿ ಅತ್ತ ಹೋಗುತ್ತಿತ್ತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತ ಮಂಜಿಗಳು (ಮರದ ಸರಕು ಹಡಗುಗಳು) ಹೊರಡುವುದನ್ನು ಕರಾವಳಿಯ ಓದುಗರು ಕಂಡೇ ಇರುತ್ತಾರೆ.

ಕೊನೆಯ ಪ್ರಶ್ನೆಗೆ ಉತ್ತರ: ಪತ್ರಿಕೆ ಅಂಚೆಯಲ್ಲಿ ಬರುತ್ತದೆ. ಆದರೆ ಟಪಾಲೂ ಹಡಗು ಕಾಯಬೇಕಲ್ಲ, ಮಳೆಗಾಲದಲ್ಲಿ ಎರಡು ಮೂರು ಸಂಚಿಕೆ ಒಟ್ಟಿಗೆ ಕೈಸೇರಿದರೆ ನಮ್ಮನ್ನು ಬೈಯಬೇಡಿ. ಮನೆ ಗೊತ್ತಾದ ಕೂಡಲೇ ಹೊಸ ವಿಳಾಸದ ಜೊತೆ ಹಳೆಯ ಚಂದಾ ಸಂಖ್ಯೆ ಬರೆದು ಕಳಿಸಿ. ಅಮ್ಮನೂ ಓದುತ್ತಾರೆ ಅಂದಿದ್ದೀರಿ. ಹಾಗಿದ್ದರೆ ತಿಪಟೂರಿನ ವಿಳಾಸ ತೆಗೆಸಬೇಡಿ, ಅದು ಹಾಗೇ ಇರಲಿ.