ಬಕೆಟ್ ನಾಲ್ಕನೇ ಪುಟದಲ್ಲಿ ಏಕೆ?

ನಮಸ್ಕಾರ.

‘ಹೋಟೆಲ್‌ಗಳ ಸಾಮಾಜಿಕ ಹೊಣೆಗಾರಿಕೆ ಮತ್ತು ನೌಕರರ ಪರಿಸರಪ್ರಜ್ಞೆ: ಒಂದು ಅವಲೋಕನ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಿಂದಿರುಗಿಸುವ ಮನಸ್ಸೂ ಇಲ್ಲ. ಅದಕ್ಕೆ ಕಾರಣ ನಾಲ್ಕನೇ ಪುಟದ ಆ ಹುಡುಗ.

ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರದ ಹೋಟೆಲೊಂದರಲ್ಲಿ ಕೊಠಡಿ ಸ್ವಚ್ಛ ಮಾಡುವವನು. ಅತಿಥಿಗಳು ಅರ್ಧ ಕುಡಿದು ಬಿಟ್ಟುಹೋದ ಬಾಟಲಿಗಳ ನೀರನ್ನು ಬಕೆಟ್ಟಿಗೆ ಸುರಿದುಕೊಂಡು ಮೆಟ್ಟಿಲ ಬಳಿಯ ಕುಂಡಗಳಿಗೆ ಹಾಕುತ್ತಾನೆ, ತಡವಾಯಿತೆಂದು ಮೇಲ್ವಿಚಾರಕರಿಂದ ಬೈಸಿಕೊಳ್ಳುತ್ತಾನೆ. ಇಷ್ಟನ್ನು ಮೂರೇ ಸಾಲಿನಲ್ಲಿ ಮುಗಿಸಿ ಮತ್ತೆ ‘ಸುಸ್ಥಿರ ಅಭಿವೃದ್ಧಿ’ಯ ಕಡೆ ಓಡಿದ್ದೀರಿ. ಏನು ಅವಸರವಿತ್ತು?

ಮಾಲೀಕರು ಸಸಿ ನೆಟ್ಟರು, ಅದರಿಂದ ನೌಕರರಿಗೆ ಸಂಸ್ಥೆಯ ಮೇಲೆ ಅಭಿಮಾನ ಹುಟ್ಟಿತು, ಅಭಿಮಾನದಿಂದ ನೀರು ಉಳಿಸತೊಡಗಿದರು ಎಂಬುದು ನಿಮ್ಮ ವಾದ. ಹಾಗಾಗುವುದುಂಟು, ಸಂಶೋಧಕರಲ್ಲಿಯೂ ಹಲವರು ಹೀಗೆ ಹೇಳುತ್ತಾರೆ. ಆದರೆ ‘ಬೇಸಿಗೆಯಲ್ಲಿ ನಮ್ಮೂರಿಗೆ ಟ್ಯಾಂಕರ್ ಬಂದರೆ ನೀರು’ ಎಂದು ಆ ಹುಡುಗನೇ ನಿಮಗೆ ಹೇಳಿದ್ದಾನಲ್ಲ! ಅವನು ಈ ಗುಣವನ್ನು ಮನೆಯಿಂದಲೇ ತಂದಿದ್ದಾನೆ. ಹೋಟೆಲು ಅದಕ್ಕೆ ಇಂಬು ಕೊಟ್ಟಿತೋ ಅಡ್ಡ ಬಂದಿತೋ ಎಂಬುದನ್ನು ನೀವು ನೋಡಬೇಕಿತ್ತು. ಸಸಿ ನೆಟ್ಟ ಫೋಟೊ ಗೋಡೆಯ ಮೇಲಿದೆ ಎಂದು ಬರೆದಿದ್ದೀರಿ. ಕೊಠಡಿ ಸ್ವಚ್ಛ ಮಾಡಲು ಐದು ನಿಮಿಷ ಹೆಚ್ಚು ಕೊಡುತ್ತೀರಾ ಎಂದು ಮಾಲೀಕರನ್ನು ಕೇಳಿಲ್ಲ.

ಒಂದು ತಪ್ಪನ್ನಂತೂ ತಿದ್ದಲೇಬೇಕು. ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡುವುದು ‘ಎಲ್ಲ ಹೋಟೆಲ್‌ಗಳಿಗೂ ಕಡ್ಡಾಯ’ವಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಅನ್ವಯಿಸುವುದು ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗೆ. ನಮ್ಮ ಬಸ್ ನಿಲ್ದಾಣದ ಎದುರಿನ ಲಾಡ್ಜಿಗೆ ಎಲ್ಲಿಯ ಐದು ಕೋಟಿ ಲಾಭ? ಇನ್ನು, ಕೇವಲ ತನ್ನ ನೌಕರರ ಅನುಕೂಲಕ್ಕೆ ಕಂಪನಿ ಮಾಡುವ ವೆಚ್ಚ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ವಿಜಯಪುರದ ಹಳೆಯ ಮೆಟ್ಟಿಲುಬಾವಿ, 1620ರ ತಾಜ್ ಬಾವಡಿಯ ಪ್ಯಾರಾ ಚೆನ್ನಾಗಿದೆ, ಆದರೆ ಇಲ್ಲಿ ಅದು ಬರೀ ತೋರಣ. ತೆಗೆಯಿರಿ.

ಇನ್ನೊಮ್ಮೆ ಹೋಗಿ ಬನ್ನಿ. ‘ಟವೆಲ್ ಮತ್ತೆ ಬಳಸಿ’ ಎಂಬ ಚೀಟಿಯ ಬಗ್ಗೆ ಬರೆದಿದ್ದೀರಿ. ಅತಿಥಿ ಮತ್ತೆ ಬಳಸಲೆಂದೇ ಗೂಟಕ್ಕೆ ಹಾಕಿದ ಟವೆಲನ್ನು ನಿಜವಾಗಿಯೂ ಅಲ್ಲಿಯೇ ಬಿಡುತ್ತಾರೆಯೇ, ಒಗೆಯಲು ಒಯ್ಯುತ್ತಾರೆಯೇ ಎಂದು ಅದೇ ಹುಡುಗನನ್ನು ಕೇಳಿ. ಮೇಲ್ವಿಚಾರಕರನ್ನೂ ಮಾತನಾಡಿಸಿ. ಲೇಖನ ಬಕೆಟ್ಟಿನಿಂದಲೇ ಶುರುವಾಗಲಿ, ಎರಡು ಪುಟ ಸಾಕು.

ಹುಡುಗನ ಹೆಸರನ್ನೂ ಹೋಟೆಲಿನ ಹೆಸರನ್ನೂ ಹಾಕಬೇಡಿ. ಅವನ ಕೆಲಸ ಹೋದೀತು.

ಇಂತಿ,
ಸಂಪಾದಕ